ನಮ್ಮನೆ ಕೇಬಲ್‌ನವನು

ತೊಂಬತ್ತರ ದಶಕದಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಗೊಬ್ಬ ಕೇಬಲ್‌ನವನಿದ್ದ. ಲೂನಾ ಮೇಲೆ ಬರುತ್ತಿದ್ದ. ಹೆಗಲಿಗೆ ಕಪ್ಪು ವೈರಿನ ಸುರುಳಿ, ಜೇಬಿನಲ್ಲಿ ಕಟಿಂಗ್ ಪ್ಲೇಯರ್. ದುಡ್ಡು ವಸೂಲಿಗೆ ಒಂದನೇ ತಾರೀಕು ಬೆಳಗ್ಗೆಯೇ ಗೇಟು ಬಡಿಯುವವನು, ಚಿತ್ರ ಬರದ ದಿನ ಮಾತ್ರ ಊರಲ್ಲೇ ಇರುತ್ತಿರಲಿಲ್ಲ. ಅವನನ್ನು ನಾನು ಬೈದಷ್ಟು ಬೀದಿಯಲ್ಲಿ ಮತ್ಯಾರೂ ಬೈದಿರಲಾರರು. ಆ ಪಾಪವೇ ಸುತ್ತಿ ಬಳಸಿ ಬಂದು ನನ್ನನ್ನು ಸ್ವಂತ ಮನೆಗೇ ಕೇಬಲ್‌ನವನನ್ನಾಗಿ ಮಾಡಿತೆಂದು ನನ್ನ ಗುಮಾನಿ.

ಅವನ ಕಾಲದಲ್ಲಿ ಒಂದು ಸುಖವಿತ್ತು. ಮನೆಗೆ ಬರುವ ಒಂದೇ ವೈರಿಗೆ ಪುಡಿಗಾಸಿನ ಸ್ಪ್ಲಿಟರ್ ಸಿಕ್ಕಿಸಿದರೆ ಹಾಲಿನಲ್ಲೊಂದು, ರೂಮಿನಲ್ಲೊಂದು ಟಿವಿ, ಎರಡರಲ್ಲೂ ಬೇರೆ ಬೇರೆ ಚಾನೆಲ್ಲು. 2013ರ ಮಾರ್ಚ್ 31ಕ್ಕೆ ಬೆಂಗಳೂರು, ಮೈಸೂರುಗಳಿಗೆ ಡಿಜಿಟಲ್ ಗಡುವು ಬಂತು ನೋಡಿ, ಚಾನೆಲ್ಲುಗಳಿಗೆಲ್ಲ ಬೀಗ ಬಿತ್ತು. ಬೀಗ ತೆಗೆಯುವುದಕ್ಕೆ ಡಬ್ಬ, ಒಂದು ಡಬ್ಬಕ್ಕೆ ಒಂದೇ ಟಿವಿ. ನಮ್ಮ ಮನೆಯಲ್ಲಿ ಟಿವಿ ಮೂರು: ಕೆಳಗೆ ಅಮ್ಮನ ಕೋಣೆಯಲ್ಲೊಂದು, ಹಾಲಿನಲ್ಲೊಂದು, ಮಹಡಿಯ ಮೇಲೆ ನಮ್ಮದೊಂದು. ಮೂರು ಡಬ್ಬ, ಮೂರು ರಿಮೋಟು, ತಿಂಗಳಿಗೆ ಒಂಬೈನೂರು ರೂಪಾಯಿ. ಹಲವು ವರ್ಷ ತೆತ್ತ ಮೇಲೆ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಘೋಷಿಸಿದೆ. ಮೂರೂ ಡಬ್ಬ ವಾಪಸ್. ಇನ್ನು ಮೇಲೆ ಇಡೀ ಮನೆಗೆ ಒಂದೇ ಕಂಪ್ಯೂಟರ್.

"ಅದಕ್ಕೆಷ್ಟಾಗತ್ತೆ?" ಅಂದಳು ಇವಳು.

"ಅದು ಖರ್ಚಲ್ಲ, ಉಳಿತಾಯ" ಅಂದೆ.

ಉಳಿತಾಯಕ್ಕೆ ನಲವತ್ತಮೂರು ಸಾವಿರವಾಯಿತು. ಕಂಪ್ಯೂಟರು, ನಾಲ್ಕು ಟೆರಾಬೈಟಿನ ಡಿಸ್ಕು, ಉಪಗ್ರಹದ ಚಾನೆಲ್ಲು ಹಿಡಿಯುವ ಟ್ಯೂನರ್ ಕಾರ್ಡು, ಒಂದೊಂದು ಟಿವಿಯ ಬೆನ್ನಿಗೂ ಅಂಟಿಸಲು ರಾಸ್ಪ್‌ಬೆರಿ ಪೈ ಎಂಬ ಇಸ್ಪೀಟು ಎಲೆಯಗಲದ ಪುಟ್ಟ ಕಂಪ್ಯೂಟರು, ಯುಪಿಎಸ್ಸು. ಕಾಂಕ್ರೀಟಿನ ತಾರಸಿ ದಾಟುವಷ್ಟರಲ್ಲಿ ವೈಫೈ ಏದುಸಿರು ಬಿಡುತ್ತಿದ್ದುದರಿಂದ ಗೋಡೆ ಕೊರೆದು ಕ್ಯಾಟ್ ಸಿಕ್ಸ್ ಕೇಬಲ್ ಬೇರೆ ಎಳೆಸಿದೆ. ಹೊಸದಾಗಿ ಸುಣ್ಣಬಣ್ಣ ಕಂಡಿದ್ದ ಗೋಡೆ. ಆ ವಿಷಯ ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ತಾರಸಿಯ ಮೇಲೆ ಸರ್ಕಾರದ ಡಿಡಿ ಫ್ರೀ ಡಿಶ್. ಬಾಡಿಗೆಯಿಲ್ಲ, ಅಮ್ಮನಿಗೆ ಬೇಕಾದ ಚಂದನವೂ ಉಂಟು. ಉಪಗ್ರಹವಿರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ; ಮೈಸೂರಿನವರು ಬುಟ್ಟಿಯನ್ನು ಆಗ್ನೇಯಕ್ಕೆ ತಿರುಗಿಸಬೇಕು. "ಆಗ್ನೇಯ ಅಡುಗೆಮನೆ ಮೂಲೆ ಕಣೋ, ಅಲ್ಲಿಂದ ಬರೋದಾದ್ರೆ ಒಳ್ಳೇದೇ ಬರತ್ತೆ" ಎಂದು ಅಮ್ಮ ಒಪ್ಪಿಗೆ ಕೊಟ್ಟಳು. ದುಡ್ಡು ಕಟ್ಟಿ ನೋಡುವ ಚಾನೆಲ್ಲುಗಳ ಬೀಗ ಮಾತ್ರ ನನ್ನ ಟ್ಯೂನರಿಗೆ ಜಗ್ಗುವುದಿಲ್ಲ. ಇವಳ ಧಾರಾವಾಹಿಗಳೆಲ್ಲ ಆ ಬೀಗದೊಳಗೇ ಇದ್ದುದರಿಂದ ಇವಳು ಸದ್ದಿಲ್ಲದೆ ಮೊಬೈಲಿಗೆ ವಲಸೆ ಹೋದಳು. ಅದರ ವರ್ಷದ ಚಂದಾವನ್ನು ನನ್ನ ಉಳಿತಾಯದ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಬಾರದು ಕೂಡ, ಲೆಕ್ಕ ಕೆಡುತ್ತದೆ.

ಟಿವಿಯ ಮೇಲೆ ಕಾಣುವ ಪಟ್ಟಿ, ಪೋಸ್ಟರುಗಳ ಕೆಲಸವೆಲ್ಲ ಕೋಡಿ ಎಂಬ ತಂತ್ರಾಂಶದ್ದು. ಮೊದಲು ಅದು ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಾಗಿ ಹುಟ್ಟಿ ಎಕ್ಸ್‌ಬಿಎಂಸಿ ಎನಿಸಿಕೊಂಡಿತ್ತು. ಕೋಡಿ ಎಂದು ಮರುನಾಮಕರಣವಾದದ್ದು 2014ರಲ್ಲಿ. ಹೆಸರಿಟ್ಟವರಿಗೆ ಕನ್ನಡ ಬರುತ್ತಿರಲಿಲ್ಲವೆಂಬುದು ಸ್ಪಷ್ಟ. "ಕೋಡಿ ಅಂದ್ರೆ? ಕೆರೆ ಕೋಡಿ ಬೀಳತ್ತಲ್ಲ, ಅದಾ?" ಎಂದು ಅಮ್ಮ ಕೇಳಿದಾಗ ನಾನು ನಕ್ಕಿದ್ದೆ. ಹಿರಿಯರ ಮಾತಿಗೆ ನಗಬಾರದು.

ವರ್ಷಗಳಿಂದ ಕೂಡಿಸಿಟ್ಟ ಕನ್ನಡ ಸಿನಿಮಾ ಡಿವಿಡಿಗಳನ್ನೆಲ್ಲ ಡಿಸ್ಕಿಗೆ ತುಂಬಿದೆ. ಫೈಲಿಗೆ ಸರಿಯಾದ ಹೆಸರು ಕೊಟ್ಟರೆ ಇಂಟರ್‌ನೆಟ್ಟಿನಿಂದ ಪೋಸ್ಟರು, ತಾರಾಗಣ ತಾನೇ ಬಂದು ಕೂರುತ್ತದೆ ಎಂಬ ಭರವಸೆ. ಆ ಏರ್ಪಾಡು ಮಾಡಿದವರು ಉಪೇಂದ್ರರನ್ನು ಕಂಡಿರಲಿಲ್ಲ. 'ಶ್', 'ಓಂ' ದಾಟಿಕೊಂಡು ಹೇಗೋ 1998ರ 'ಎ'ಗೆ ಬಂದೆ. ಒಂದಕ್ಷರ ಕೊಟ್ಟು ಹುಡುಕು ಅಂದರೆ ಅದು ಜಗತ್ತಿನ ಅರ್ಧ ಸಿನಿಮಾಗಳನ್ನು ತಂದು ನನ್ನ ಮುಂದೆ ಸುರಿಯಿತು. 2010ರ 'ಸೂಪರ್' ಚಿತ್ರದ ಶೀರ್ಷಿಕೆಯಂತೂ ಅಕ್ಷರವೇ ಅಲ್ಲ, ಬರಿ ಕೈಬೆರಳಿನ ಮುದ್ರೆ. ಕೀಬೋರ್ಡಿನ ಮುಂದೆ ಕೂತು ನಾನು ಆ ಮುದ್ರೆಯನ್ನು ಯಾರಿಗೆ ತೋರಿಸಲಿ? ಪುನೀತರ 'ಅಪ್ಪು'ವಿಗೆ ಅದೇ ಹೆಸರಿನ ತಮಿಳು ಚಿತ್ರದ ಪೋಸ್ಟರು ಅಂಟಿಕೊಂಡಿತು. 1972ರ 'ನಾಗರಹಾವು' ನೋಡಲು ಕೂತ ಅಮ್ಮನಿಗೆ 2016ರ 'ನಾಗರಹಾವು' ಹೆಡೆ ಬಿಚ್ಚಿ ನಿಂತಿತು. "ಚಾಮಯ್ಯ ಮೇಷ್ಟ್ರು ಎಲ್ಲೋ?" ಎಂದು ಅಮ್ಮ ಗಾಬರಿಯಾದಳು. ಮೇಷ್ಟ್ರು ಒಳಗೇ ಇದ್ದರು, ಬೋರ್ಡು ಮಾತ್ರ ಬೇರೆಯವರದು. ಎಲ್ಲವನ್ನೂ ಕೈಯಾರೆ ತಿದ್ದಿ ಮುಗಿಸಲು ಎರಡು ತಿಂಗಳ ಭಾನುವಾರಗಳು ಹೋದವು. ಆಮೇಲೆ ಆ ಸಿನಿಮಾಗಳನ್ನು ನೋಡುವ ಆಸೆ ಉಳಿಯಲಿಲ್ಲ.

ಅಷ್ಟರಲ್ಲಿ ದೂರುಗಳು ಶುರುವಾಗಿದ್ದವು. ಒಂದು ಟ್ಯೂನರು ಒಂದು ಹೊತ್ತಿಗೆ ಒಂದೇ ಫ್ರೀಕ್ವೆನ್ಸಿ ಹಿಡಿಯುತ್ತದೆ. ಅದೇ ಫ್ರೀಕ್ವೆನ್ಸಿಯಲ್ಲಿ ಬರುವ ಚಾನೆಲ್ಲುಗಳನ್ನು ಯಾರು ಎಲ್ಲಿ ಬೇಕಾದರೂ ನೋಡಬಹುದು, ಬೇರೆಯದು ಬೇಕೆಂದರೆ ಇಲ್ಲ. ಸಿಟಿ ಬಸ್ಸಿದ್ದ ಹಾಗೆ. ಯಾವ ಸೀಟಿನಲ್ಲಿ ಕೂತರೂ ಹೋಗುವುದು ಒಂದೇ ರೂಟು. ಅಮ್ಮ ಕೆಳಗೆ ಚಂದನ ಹತ್ತಿದ ಮೇಲೆ ಮೇಲಿನವರೆಲ್ಲ ಚಂದನದ ಆಸುಪಾಸಿನ ಸ್ಟಾಪುಗಳಲ್ಲೇ ಇಳಿಯಬೇಕು. ಇದನ್ನು ವಿವರಿಸಿದೆ. "ಕೇಬಲ್‌ನವನ ಹತ್ರ ಇದೆಲ್ಲ ಇರಲಿಲ್ಲಪ್ಪ" ಅಂದ ಮಗ. ಜೋರು ಮಳೆ ಬಂದರೆ ಚಿತ್ರ ಚೂರುಚೂರು. ಅದನ್ನೂ ವಿವರಿಸಿದೆ: ಉಪಗ್ರಹದ ತರಂಗವನ್ನು ಮಳೆಹನಿ ನುಂಗುತ್ತದೆ. ಕೇಬಲ್‌ನವನು ಹೀಗೆಯೇ "ಹೆಡ್‌ಎಂಡಲ್ಲಿ ಪ್ರಾಬ್ಲಮ್ಮು ಸಾರ್" ಅನ್ನುತ್ತಿದ್ದ, ನಾನು ನಂಬುತ್ತಿರಲಿಲ್ಲ.

ಇನ್ನೊಂದು ವಿಚಿತ್ರವಿತ್ತು. ಒಂದೇ ಕಂಪ್ಯೂಟರಿನಿಂದ ಹೊರಟ ಒಂದೇ ಕಾರ್ಯಕ್ರಮ ಅಮ್ಮನ ಕೋಣೆಗೆ ಮೊದಲು ತಲುಪಿ, ಮಹಡಿಗೆ ಎಂಟು ಸೆಕೆಂಡು ತಡವಾಗಿ ಬರುತ್ತಿತ್ತು. ನಡುವೆ ಎಲ್ಲೋ ಕೂಡಿಟ್ಟುಕೊಂಡು ಕೊಡುತ್ತದಂತೆ. ಇದರಿಂದ ಕೆಳಗಿನಿಂದ ಅಮ್ಮನ "ಅಯ್ಯೋ ಪಾಪ" ಮೊದಲು ಕೇಳಿಸುತ್ತಿತ್ತು, ಪಾಪ ಆಮೇಲೆ ನಡೆಯುತ್ತಿತ್ತು. ಹಳೆಯ ಸಿನಿಮಾದ ನಾಯಕಿ ಇನ್ನೂ ನಗುನಗುತ್ತ ಮೆಟ್ಟಿಲಿಳಿಯುತ್ತಿರುವಾಗಲೇ ನಾವು ಮೇಲೆ ಎದೆ ಗಟ್ಟಿ ಮಾಡಿಕೊಂಡು ಕೂರುತ್ತಿದ್ದೆವು.

ಬೀದಿಯಲ್ಲಿ ಆ ಹಳೆಯ ಕೇಬಲ್‌ನವನು ಒಮ್ಮೆ ಸಿಕ್ಕಿದ. ತಲೆ ಪೂರ್ತಿ ನೆರೆತಿದೆ, ಲೂನಾ ಹೋಗಿ ಸ್ಕೂಟರ್ ಬಂದಿದೆ, ಈಗ ಫೈಬರ್ ಎಳೆಯುತ್ತಾನೆ. ವಿಷಯ ಅವನ ಕಿವಿಗೂ ಬಿದ್ದಿತ್ತು. "ಹೆಂಗಿದೆ ಸಾರ್ ಕಸ್ಟಮರ್ಸು?" ಅಂದ. "ಬಹಳ ಬೈತಾರಪ್ಪ" ಅಂದೆ. "ಒಂದನೇ ತಾರೀಕು ದುಡ್ಡಾದ್ರೂ ಕೊಡ್ತಾರಾ?" ಅಂದ.

ಕಂಪ್ಯೂಟರನ್ನು ಇಟ್ಟಿದ್ದು ಮೆಟ್ಟಿಲ ಕೆಳಗೆ, ಇನ್ವರ್ಟರ್ ಪಕ್ಕ. ಅದರ ನೆತ್ತಿಯ ಮೇಲೊಂದು ಜಾಲರಿ, ಬಿಸಿಗಾಳಿ ಹೋಗಲು. ಒಂದು ಡಿಸೆಂಬರಿನ ಬೆಳಗ್ಗೆ ನೋಡುತ್ತೇನೆ, ಆ ಜಾಲರಿಯ ಮೇಲೆ ದೋಸೆಹಿಟ್ಟಿನ ಪಾತ್ರೆ!

"ಮೈಸೂರಿನ ಚಳೀಲಿ ಹಿಟ್ಟು ಹುಳಿ ಬರಲ್ಲ ಕಣೋ. ಇದು ಬೆಚ್ಚಗಿರತ್ತೆ" ಅಂದಳು ಅಮ್ಮ. ಮೂರು ಟಿವಿಗಳನ್ನೂ ಮಳೆಯ ತರಂಗಶಾಸ್ತ್ರವನ್ನೂ ಒಪ್ಪದಿದ್ದ ಮನೆಯವರೆಲ್ಲ ಆ ಪೆಟ್ಟಿಗೆಯಿಂದ ಒಂದು ಉಪಯೋಗವಿದೆಯೆಂದು ಒಪ್ಪಿದ್ದು ಅವತ್ತೇ. ಜಾಲರಿ ಮುಚ್ಚದಂತೆ ಪಾತ್ರೆಯನ್ನು ಅಂಚಿಗಿಡಬೇಕೆಂದು ರಾಜಿಯಾಯಿತು.

ಆಮೇಲೆ ಅಮ್ಮ ಅದರಿಂದ ಪತ್ತೇದಾರಿಯನ್ನೂ ಶುರುಮಾಡಿದಳು. ಮಗ ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ಸಿನಿಮಾ ನೋಡುವಾಗ, ದೊಡ್ಡ ಫೋರ್‌ಕೆ ಫೈಲನ್ನು ಮೊಬೈಲಿಗೆ ತಕ್ಕಂತೆ ಕಂಪ್ಯೂಟರು ಕೂತಲ್ಲೇ ಇಳಿಸಿ ಕೊಡಬೇಕು. ಭಾಷಣ ನಿಲ್ಲಿಸದ ಅತಿಥಿಯ ಪಕ್ಕ ನಿಂತ ದುಭಾಷಿಯ ಪಾಡು ಅದು, ಮೈಯೆಲ್ಲ ಬೆವರು. ಆ ರಾತ್ರಿ ಹಿಟ್ಟು ಎರಡರಷ್ಟು ಉಬ್ಬುತ್ತಿತ್ತು. "ಯಾಕೋ, ನಿನ್ನೆ ಎರಡು ಗಂಟೆವರೆಗೂ ಎದ್ದಿದ್ದೆಯಲ್ಲ?" ಎಂದು ಅಮ್ಮ ಬೆಳಗ್ಗೆ ಮೊಮ್ಮಗನನ್ನು ಕೇಳಿದರೆ ಅವನು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ನಾನೇ ಚಾಡಿ ಹೇಳಿದೆನೆಂದು.

ಮೊನ್ನೆ ಆಯುಧಪೂಜೆಯಲ್ಲಿ ಸ್ಕೂಟರು, ಗ್ರೈಂಡರು, ಇನ್ವರ್ಟರುಗಳ ಸಾಲಿನಲ್ಲಿ ಕಂಪ್ಯೂಟರಿಗೂ ವಿಭೂತಿ, ಕುಂಕುಮ, ಸೇವಂತಿಗೆ ಹಾರವಾಯಿತು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಬೆಳಗಿನವರೆಗೆ ಮುಟ್ಟುವಂತಿಲ್ಲ. ಇಡೀ ಮನೆಯ ಟಿವಿ ಬಂದ್. ರಾತ್ರಿ ಅಮ್ಮ ನಾಳೆಯ ದೋಸೆಗೆ ಹಿಟ್ಟಿನ ಪಾತ್ರೆ ಹಿಡಿದು ಬಂದವಳು, ಕಂಪ್ಯೂಟರಿನ ನೆತ್ತಿ ಮುಟ್ಟಿ ನೋಡಿ ಯೋಚಿಸುತ್ತ ನಿಂತಳು.

"ಸ್ವಲ್ಪ ಹಚ್ಚಿಡೋ. ಟಿವಿ ಬೇಡ, ಬರೀ ಬಿಸಿ ಸಾಕು."

"ಮುಟ್ಟಬಾರದು ಅಂದೆಯಲ್ಲಮ್ಮ?"

"ಅಡುಗೆಗೆ ದೋಷ ಇಲ್ಲ."

ಹಚ್ಚಿದೆ. ಮೇಲಿದ್ದ ಮಗನಿಗೆ ಹಚ್ಚಿದ್ದು ಗೊತ್ತಾಯಿತು, 'ಬರೀ ಬಿಸಿ' ಎಂಬ ಷರತ್ತು ಗೊತ್ತಾಗಲಿಲ್ಲ. ಒಂದಲ್ಲ, ಎರಡು ಸಿನಿಮಾ ನೋಡಿದ. ಬೆಳಗ್ಗೆ ಎದ್ದು ಮೆಟ್ಟಿಲಿಳಿದರೆ ಕೋಡಿ ಬಿದ್ದಿತ್ತು. ಪಾತ್ರೆಯ ಮುಚ್ಚಳ ಎತ್ತಿ, ಕಂಠದಿಂದ ಇಳಿದು, ಜಾಲರಿಯೊಳಗೆ ಹೊಕ್ಕು, ಕುಂಕುಮ ವಿಭೂತಿಗಳನ್ನು ಕಲಸಿಕೊಂಡು ಹಿಟ್ಟು ನಿಧಾನಕ್ಕೆ ನೆಲಕ್ಕೆ ಹರಿಯುತ್ತಿತ್ತು. ಫ್ಯಾನು ನಿಂತಿತ್ತು. ಯುಪಿಎಸ್ಸು ಮಾತ್ರ ಸಾವಿನ ಮನೆಯ ದೂರದ ನೆಂಟನ ಹಾಗೆ ಬಿಟ್ಟು ಬಿಟ್ಟು ಅಳುತ್ತಿತ್ತು.

ಜಂಬೂಸವಾರಿಯ ದಿನ. ಮೈಸೂರಿನಲ್ಲಿದ್ದುಕೊಂಡು ಟಿವಿಯಲ್ಲಿ ನೋಡುವುದೇ ಎಂದು ಹೊರಗಿನವರು ಕೇಳಬಹುದು. ಆ ಜನಜಂಗುಳಿಯಲ್ಲಿ ಬಿಸಿಲಿಗೆ ನಿಲ್ಲುವವರು ಪರವೂರಿನವರು. ಮೈಸೂರಿನವರು ಮನೆಯಲ್ಲೇ ನೋಡುವುದು. ಮೊಬೈಲಿನಲ್ಲಿ ತೋರಿಸಿದರೆ 750 ಕೆಜಿಯ ಚಿನ್ನದ ಅಂಬಾರಿ ಅಮ್ಮನ ಕಣ್ಣಿಗೆ ಕಡಲೆಬೀಜದಷ್ಟು. ಮಧ್ಯಾಹ್ನ ಎಲ್ಲರೂ ಪಕ್ಕದ ಮನೆಗೆ ಹೊರಟೆವು. 1987ರಲ್ಲಿ ರಾಮಾಯಣ ನೋಡಲು ಇದೇ ಅಮ್ಮನ ಕೈಹಿಡಿದು ಇದೇ ಮನೆಗೆ ಹೋಗುತ್ತಿದ್ದೆ. ಬರಿಗೈಲಿ ಹೋಗಬಾರದೆಂದು ಅಮ್ಮ ಆಗ ಕೋಡುಬಳೆ ಒಯ್ಯುತ್ತಿದ್ದಳು. ಈಗ ಪಾತ್ರೆಯಲ್ಲಿ ಉಳಿದಿದ್ದ ಹಿಟ್ಟಿನಲ್ಲಿ ಸೆಟ್ ದೋಸೆ ಹುಯ್ದು ಡಬ್ಬಿಗೆ ತುಂಬಿಕೊಂಡಳು.

ಅವರ ಟಿವಿಯಲ್ಲಿ ಆನೆಗಳು ಕಾಲುಗುರು ಎಣಿಸುವಷ್ಟು ಸ್ವಚ್ಛವಾಗಿ ನಡೆಯುತ್ತಿದ್ದವು. ಕೇಬಲ್ಲು ಅದೇ ನಮ್ಮ ಹಳೆಯವನದು. ಪಕ್ಕದ ಮನೆಯಾಕೆ ದೋಸೆ ಮುರಿದು ಬಾಯಿಗಿಟ್ಟು, "ಏನು ಮೆತ್ತಗಿದೆ! ಅವಲಕ್ಕಿ ಹಾಕಿದ್ರಾ ಅಮ್ಮ, ಸೋಡಾ ಹಾಕಿದ್ರಾ?" ಅಂದರು.

ಅಮ್ಮ ಅಂಬಾರಿಯಿಂದ ಕಣ್ಣು ಕೀಳದೆ ನನ್ನ ಕಡೆ ಕೈ ತೋರಿಸಿದಳು.

"ಏನೂ ಹಾಕಿಲ್ಲ. ಇವನ ಕಂಪ್ಯೂಟರ್ ಮೇಲಿಟ್ಟಿದ್ದೆ ಅಷ್ಟೆ. ನಲವತ್ತಮೂರು ಸಾವಿರದ್ದು."