ನಾಯಕನ ವಯಸ್ಸೆಷ್ಟು, ಸ್ವಾಮಿ?

ಕಥೆಯೊಂದು ಕೈಗೆ ಸಿಕ್ಕರೆ ಅದರ ನಾಯಕ ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂದು ಮೊದಲು ವಿಚಾರಿಸಿ, ಆಮೇಲೆ ಓದುವುದೋ ಬಿಡುವುದೋ ಎಂದು ತೀರ್ಮಾನಿಸುವ ಚಪಲ ನನಗೆ ದಂಡಿಯಾಗಿದೆ. ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಚಪಲ ಅದು. ನಾಚಿಕೆಯಾಗುತ್ತದೆ, ಆದರೆ ರುಚಿಯಾಗಿಯೂ ಇದೆ. ನಾಯಕ ಎಂಟು ವರ್ಷದ ಹುಡುಗನೋ, ಅದು ಮಕ್ಕಳ ಕಥೆ. ಮೂವತ್ತರ ಹೆಂಗಸೋ, ಮಹಿಳಾ ಸಾಹಿತ್ಯ. ಎಂಬತ್ತರ ಮುದುಕಿಯೋ, ಆಮೇಲೆ ನೋಡೋಣ. ನಲವತ್ತರ ಗಂಡಸಾದರೆ ಮಾತ್ರ ಅದು ಬರೀ ಕಥೆ, ಅದಕ್ಕೆ ವಿಶೇಷಣವೇ ಬೇಡ. ಎಷ್ಟು ಅಚ್ಚುಕಟ್ಟಾದ ಪದ್ಧತಿ! ಒಂದು ಕಡೆಯಾದರೂ ಸರಿಯಾಗಿ ನಡೆದಿದ್ದರೆ ನಾನೇ ಅದರ ಪರವಾಗಿ ಊರೂರು ತಿರುಗಿ ಭಾಷಣ ಬಿಗಿಯುತ್ತಿದ್ದೆ. ಆದರೆ ಸಾಕ್ಷಿಗಳೆಲ್ಲ ತಿರುಗಿಬೀಳುತ್ತವೆ.

ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಕನ್ನಡ ಶಾಲೆಯಲ್ಲಿ ಕೂತು ಅದಕ್ಕೆ ಕಣ್ಣೊರೆಸಿಕೊಳ್ಳದ ಮಕ್ಕಳು ಕಡಿಮೆ. ಆದರೆ ಅದರ ನಾಯಕಿ ಮಗುವೇ ಅಲ್ಲ, ಎಳೆಗರುವಿನ ತಾಯಿ. ಕೊಟ್ಟ ಮಾತು, ಬಿಟ್ಟುಬಂದ ಕೂಸು, ಆ ಕೂಸನ್ನು ಯಾರ ಮಡಿಲಿಗೆ ಹಾಕಲಿ ಎಂಬ ಚಿಂತೆ: ಪದ್ಧತಿಯ ಪ್ರಕಾರ ಪುಣ್ಯಕೋಟಿ ಮಹಿಳಾ ಪುರವಣಿಗೆ ಹೋಗಬೇಕಾದವಳು. ಕರುವೂ ಇದೆಯಲ್ಲ ಎನ್ನಬೇಡಿ. ಅದಕ್ಕೆ ಕೊಟ್ಟಿಗೆಯಲ್ಲಿ ನಿಂತು ಅಳುವುದರ ಹೊರತು ಕಥೆಯಲ್ಲಿ ಕೆಲಸವಿಲ್ಲ. ಇತ್ತ ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಉದ್ದಕ್ಕೂ ನೋಡುತ್ತಿರುವವನು ನಾಣಿ ಎಂಬ ಪುಟ್ಟ ಹುಡುಗ. ಅವನು ನೋಡುವುದು ಏನನ್ನು? ಗರ್ಭಿಣಿಯಾದ ವಿಧವೆಯೊಬ್ಬಳಿಗೆ, ಅವಳು ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕುವುದನ್ನು. ಗಿರೀಶ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ನಾಯಕನ ವಯಸ್ಸು ನೋಡಿಕೊಂಡು ಯಾರಾದರೂ ಅದನ್ನು ಮಕ್ಕಳ ದಿನಾಚರಣೆಗೆ ತೋರಿಸಿದ್ದರೆ ಏನಾಗುತ್ತಿತ್ತೋ. ಇನ್ನು ‘ಆಮೇಲೆ ನೋಡೋಣ’ ವರ್ಗದ ಮುದುಕಿ: ಕಾರಂತರ ಮೂಕಜ್ಜಿ, ಎಂಬತ್ತರ ವಿಧವೆ. ಕೂತಲ್ಲೇ ಕೂತು ಊರ ಚರಿತ್ರೆ, ದೇವರ ಚರಿತ್ರೆ, ಗಂಡು ಹೆಣ್ಣಿನ ಚರಿತ್ರೆ ಎಲ್ಲವನ್ನೂ ಜಾಲಾಡಿ 1977ರ ಜ್ಞಾನಪೀಠವನ್ನು ಮನೆಗೆ ತಂದಳು.

ಕಂಬದೂರು, ಕಲ್ಯಾಣದುರ್ಗದ ಕಡೆಯ ಕನ್ನಡದ ಮನೆಗಳಲ್ಲಿ ಕಥೆ ಕೇಳುವುದು ಕನ್ನಡದಲ್ಲಾದರೂ ಸಿನಿಮಾ ನೋಡುವುದು ತೆಲುಗಿನಲ್ಲಿ. ಹಾಗಾಗಿ ಸಾಕ್ಷಿ ಹೇಳಲು ಎನ್.ಟಿ. ರಾಮರಾಯರು ಬರಲೇಬೇಕು. ಬಿ.ಆರ್. ಪಂತುಲು 1958ರಲ್ಲಿ ಕನ್ನಡದಲ್ಲಿ ‘ಸ್ಕೂಲ್ ಮಾಸ್ಟರ್’ ತೆಗೆದರು. ಮುಪ್ಪಿನ ಮೇಷ್ಟ್ರು, ಅವರ ಹೆಂಡತಿ, ಹೆತ್ತ ಮಕ್ಕಳಿಗೇ ಬೇಡವಾಗುವ ಕಥೆ. 1972ರಲ್ಲಿ ಅದು ತೆಲುಗಿನಲ್ಲಿ ‘ಬಡಿ ಪಂತುಲು’ ಆಯಿತು. ರಾಮರಾಯರು ಅದರಲ್ಲಿ ತಾತ, ಬೇಬಿ ಶ್ರೀದೇವಿ ಮೊಮ್ಮಗಳು. 1979ರಲ್ಲಿ ‘ವೇಟಗಾಡು’ ಬಂತು. ಅದೇ ರಾಮರಾಯರು ಹೀರೋ, ಅದೇ ಶ್ರೀದೇವಿ ಹೀರೋಯಿನ್. ಈಗ ನನ್ನ ಪದ್ಧತಿಯಂತೆ ನಾಯಕನ ವಯಸ್ಸಿನ ಕಲಂ ತುಂಬಬೇಕು. ಸ್ವಲ್ಪ ನಿಧಾನವಾಗಿ ಲೆಕ್ಕ ಮಾಡೋಣ. ಏಳು ವರ್ಷದಲ್ಲಿ ಮೊಮ್ಮಗಳು ಏಳು ವರ್ಷ ಮುಂದಕ್ಕೆ ಬಂದಳು, ನ್ಯಾಯ. ಅದೇ ಏಳು ವರ್ಷದಲ್ಲಿ ತಾತ ಅರವತ್ತು ಚಿಲ್ಲರೆಯಿಂದ ಇಪ್ಪತ್ತು ಚಿಲ್ಲರೆಗೆ, ಅಂದರೆ ನಲವತ್ತು ವರ್ಷ ಹಿಂದಕ್ಕೆ ಬಂದರು. ಆಕೆ ಹತ್ತುತ್ತಾ, ಇವರು ಇಳಿಯುತ್ತಾ, ನಡುದಾರಿಯಲ್ಲಿ ಎದುರುಬದುರಾಗಿ ಡ್ಯುಯೆಟ್ ಹಾಡಿದರು. ಇದೇ ವೇಗದಲ್ಲಿ ಇನ್ನು ನಾಲ್ಕು ವರ್ಷ ಹೋಗಿದ್ದರೆ ತಾತ ತೊಟ್ಟಿಲಲ್ಲಿರಬೇಕಿತ್ತು. ಏಳು ವರ್ಷ ಹೋಗಿದ್ದರೆ ಹುಟ್ಟುವುದಕ್ಕೇ ಹದಿನೈದಿಪ್ಪತ್ತು ವರ್ಷ ಬಾಕಿ ಉಳಿಯುತ್ತಿತ್ತು, ಜಾತಕ ಬರೆಯಲೂ ಆಗುತ್ತಿರಲಿಲ್ಲ. ಪುಣ್ಯಕ್ಕೆ ಅಷ್ಟರೊಳಗೆ ಅವರು ರಾಜಕೀಯಕ್ಕೆ ಇಳಿದು, 1985ರಲ್ಲಿ ನಮ್ಮ ಹಿಂದೂಪುರದಿಂದಲೇ ಗೆದ್ದರು. ನಾಮಪತ್ರದಲ್ಲಿ ವಯಸ್ಸು ಬರೆಯದೆ ವಿಧಿಯಿಲ್ಲ, ಇಳಿಕೆ ಅಲ್ಲಿಗೆ ನಿಂತಿತು. ಅದೇ ಕ್ಷೇತ್ರಕ್ಕೆ 2014ರಿಂದ ಮಗ ಬಾಲಕೃಷ್ಣ ಶಾಸಕರು. ಅರವತ್ತು ದಾಟಿದರೂ ಹೀರೋ. ಟಾಕೀಸಿನಲ್ಲಿ ಸೀಟಿ ಹೊಡೆದವರಲ್ಲಿ ಯಾರಾದರೂ ‘ನಾಯಕನ ವಯಸ್ಸೆಷ್ಟು’ ಎಂದು ಕೇಳಿದರೇ? ಆ ಪ್ರಶ್ನೆ ಹುಡುಗರಿಗೆ, ಹೆಂಗಸರಿಗೆ, ಅಜ್ಜಿಯರಿಗೆ ಮೀಸಲು. ಶ್ರೀದೇವಿ ಹುಟ್ಟಿದ್ದು 1963ರ ಆಗಸ್ಟಿನಲ್ಲಿ. ‘ವೇಟಗಾಡು’ ತೆರೆಗೆ ಬಂದಾಗ ಆಕೆಗೆ ಹದಿನಾರು ತುಂಬಿರಲಿಲ್ಲ, ರಾಮರಾಯರಿಗೆ ಐವತ್ತಾರು. ಕಾಗದದ ಮೇಲಿನ ನಾಯಕಿಯ ವಯಸ್ಸನ್ನು ಕೆದಕಿ ಕೆದಕಿ ಕೇಳುವ ನಾವು, ಎದುರಿಗೆ ಕುಣಿಯುತ್ತಿದ್ದ ಹುಡುಗಿಯ ವಯಸ್ಸನ್ನು ಕೇಳಲಿಲ್ಲ. ಕೇಳಲೇಬೇಕಾಗಿದ್ದ ಒಂದೇ ಜಾಗ ಅದು. ಈ ಮಾತಿಗೆ ತಮಾಷೆ ಸೇರಿಸಲು ನನಗೆ ಮನಸ್ಸಿಲ್ಲ.

ಮಕ್ಕಳಿಗೆ ತಮ್ಮ ವಯಸ್ಸಿನವರ ಕಥೆಯೇ ಬೇಕು ಎನ್ನುತ್ತಾರೆ ಪುಸ್ತಕ ಮಾರುವವರು. ಬೆನ್ನಿನ ಮೇಲೆ ‘8ರಿಂದ 12’ ಎಂದು ಅಚ್ಚು ಹಾಕಿ, ಗುಲಾಬಿ ಬಣ್ಣದ್ದು ಹುಡುಗಿಯರಿಗೆ ಎಂದು ಬೇರೆ ಇಡುತ್ತಾರೆ. ಚಪ್ಪಲಿ ಅಂಗಡಿಯವರಾದರೂ ಹಾಕಿ ನೋಡಲು ಬಿಡುತ್ತಾರೆ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದಲ್ಲಿ ಮಕ್ಕಳು ಬಾಯಿ ಬಿಟ್ಟುಕೊಂಡು ಓದುತ್ತಿದ್ದುದು ಯಾರ ಕಥೆ? ಒಬ್ಬ ರಾಜ, ಅವನ ಹೆಗಲ ಮೇಲೊಂದು ಹೆಣ, ಹೆಣದೊಳಗೊಂದು ಬೇತಾಳ. ಮೂವರಲ್ಲಿ ಒಬ್ಬರೂ ‘8ರಿಂದ 12’ರೊಳಗಿಲ್ಲ. ಮುದುಕರ ಕಥೆಯಲ್ಲಿ ಓಟವಿರುವುದಿಲ್ಲ ಎಂಬ ವಾದವನ್ನು ಲೇಪಾಕ್ಷಿಗೆ ಹೋಗಿ ಹೇಳಿ ನೋಡಿ. ಜಟಾಯು ಬಿದ್ದದ್ದು ಅಲ್ಲೇ ಎಂದು ಸುತ್ತಲ ಜನ ಇಂದಿಗೂ ನಂಬುತ್ತಾರೆ. ವಾಲ್ಮೀಕಿಯ ಪ್ರಕಾರ ರಾವಣನ ಮೇಲೆರಗಿದಾಗ ಆ ಹಕ್ಕಿಗೆ ಅರವತ್ತು ಸಾವಿರ ವರ್ಷ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ನಗಾಡಿ ತಳ್ಳಲಾಗದು. ಹೆಣ್ಣಿನ ಕಥೆಗೆ ಎಷ್ಟೋ ಕಾಲ ಜಾಗವೇ ಇರಲಿಲ್ಲ. ಹಾಗಿರುವಾಗ ನಾಯಕಿ ಯಾರು ಎಂದು ಕೇಳುವುದು ತಪ್ಪೇ? ತಪ್ಪಲ್ಲ. ಆದರೆ ಕಪಾಟಿನ ಮುಂದೆ ನಿಂತು ಕೇಳಬೇಕು, ಎಷ್ಟು ಜನ ಬಂದಿದ್ದಾರೆ, ಯಾರು ಬಂದಿಲ್ಲ ಎಂದು. ಪುಸ್ತಕ ಬಿಚ್ಚಿದ ಮೇಲೆ ಆ ಪ್ರಶ್ನೆ ಕಥೆಯ ತೂಕ ಹೇಳುವುದಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದ್ದು, ನಾಯಕಿ ಒಬ್ಬ ಎಳೆಯ ವಿಧವೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನೂ ಬಾಲವಿಧವೆಯೇ, ನೂರು ದಾಟಿ ಬದುಕಿದವಳು. ವಯಸ್ಸು, ಲಿಂಗ ಎರಡೇ ಕಲಂ ನೋಡಿ ಊರು ಆ ಮಗುವಿನ ಇಡೀ ಆಯುಷ್ಯವನ್ನು ನಿಶ್ಚಯಿಸಿಬಿಟ್ಟಿತು. ಕಾದಂಬರಿಗೂ ನಾವು ಅದನ್ನೇ ಮಾಡುತ್ತೇವೆ: ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ತೊಳಲಾಟ ಮನುಷ್ಯನ ತೊಳಲಾಟ, ಫಣಿಯಮ್ಮನದು ‘ಮಹಿಳಾ ಸಂವೇದನೆ’. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಕಥೆ ಹೇಗಿದೆ ಎನ್ನುವುದಕ್ಕೆ ಮೊದಲು ಯಾರ ಕಥೆ ಎಂಬ ಚರ್ಚೆಯೇ ನಡೆಯಿತು. ಕಂಬದೂರು ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದ ಅನಂತಕೃಷ್ಣ ಶರ್ಮರು ಪ್ರಾಕೃತದ ಗಾಥಾಸಪ್ತಶತಿಯನ್ನು ತೆಲುಗಿಗೆ ತಂದರು. ಅದರ ಎಷ್ಟೋ ಗಾಥೆಗಳು ಹೆಣ್ಣಿನ ಬಾಯಲ್ಲಿವೆ: ಗೆಳತಿಗೆ ಹೇಳಿದ್ದು, ದಾರಿಹೋಕನಿಗೆ ಹೇಳಿದ್ದು. ಸಂಗ್ರಹಿಸಿದ ಹಾಲರಾಜ ಗಂಡಸು, ಅನುವಾದಿಸಿದ ಶರ್ಮರು ಗಂಡಸು, ಮಾತಾಡುವವಳು ಹೆಂಗಸು. ಯಾವ ಕಪಾಟಿಗೆ ಸೇರಿಸುತ್ತೀರೋ ಸೇರಿಸಿ. ವಯಸ್ಸನ್ನಂತೂ ಅವಳು ಹೇಳಿಲ್ಲ. ಅತ್ತೆ ಮಲಗಿದ್ದಾಳೆಯೇ ಎಂದು ನೋಡಿಕೊಂಡು ಮಾತಾಡುವುದರಿಂದ ಮದುವೆಯಾಗಿದೆ ಎಂದಷ್ಟೇ ಊಹಿಸಬಹುದು.