ಜಿಡ್ಡಿನ ಜಾತಕ

ಮನುಷ್ಯನಿಗೆ ಒಂದೇ ಜನ್ಮದಲ್ಲಿ ಎರಡು ಸಲ ಜಾತಕ ಬರೆಸಿಕೊಳ್ಳುವ ಯೋಗವುಂಟು. ಮೊದಲನೆಯದು ಹುಟ್ಟಿದಾಗ, ತಂದೆಯ ಖರ್ಚಿನಲ್ಲಿ; ಎರಡನೆಯದು 60 ದಾಟಿದ ತರುವಾಯ, ಸ್ವಂತ ಪಿಂಚಣಿಯ ಖರ್ಚಿನಲ್ಲಿ. ಮೊದಲನೆಯದಕ್ಕೆ ಗ್ರಹಗಳ ಸ್ಥಾನ ತಿಳಿದರೆ ಸಾಕು. ಎರಡನೆಯದಕ್ಕೆ ರಾತ್ರಿಯೆಲ್ಲ ನಿರಾಹಾರವಿದ್ದ ವೃದ್ಧನ ತೋಳಿನಿಂದ ತೆಗೆದ ರಕ್ತವೇ ಆಗಬೇಕು. ರಕ್ತದ ಕೊಬ್ಬಿನ ಲೆಕ್ಕವಾದ ಅದಕ್ಕೆ ಲಿಪಿಡ್ ಪ್ರೊಫೈಲ್ ಎಂದು ಶಾಸ್ತ್ರೀಯ ನಾಮಧೇಯವಿದ್ದರೂ ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಪ್ರಾತಃಕಾಲದಲ್ಲಿ ಸಭೆ ಸೇರುವ ನಿವೃತ್ತರ ಬಾಯಲ್ಲಿ ಅದು ಬರಿಯ ‘ರಿಪೋರ್ಟು’. ಮಗನ ಬಡ್ತಿ, ಸೊಸೆಯ ಸ್ವಭಾವ, ಮಂತ್ರಿಮಂಡಲದ ಪತನ ಮೊದಲಾದ ಸನಾತನ ವಿಷಯಗಳನ್ನೆಲ್ಲ ಹಿಂದಕ್ಕೆ ತಳ್ಳಿ ಈ ರಿಪೋರ್ಟು ಅಗ್ರಾಸನವನ್ನು ಆಕ್ರಮಿಸಿ ಬಹುಕಾಲವಾಯಿತು. ಬಾಲ್ಯದಲ್ಲಿ ಪರೀಕ್ಷೆಯ ಅಂಕಗಳನ್ನು ಮುಚ್ಚಿಡುತ್ತಿದ್ದ ಮಹನೀಯರೇ ಈಗ ತಮ್ಮ ಒಳ್ಳೆಯ ಕೊಲೆಸ್ಟರಾಲು, ಎಂದರೆ ಎಚ್.ಡಿ.ಎಲ್., 52 ಎಂದು ಕೇಳದವರಿಗೂ ಹೇಳಿ ಹರ್ಷಪಡುವರು.

ಜಾತಕವೆಂದದ್ದು ಕೇವಲ ಪರಿಹಾಸಕ್ಕಲ್ಲ. ಜ್ಯೋತಿಷಕ್ಕಿರುವಂತೆ ಇದಕ್ಕೂ ಗಣಿತಭಾಗ, ಫಲಭಾಗಗಳೆಂಬ ಎರಡು ಅಂಗಗಳಿವೆ. ನಾವೆಲ್ಲರೂ ರಾಹುವಿಗೆ ಅಂಜುವಂತೆ ಅಂಜುವ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲನ್ನು ಎಷ್ಟೋ ಪ್ರಯೋಗಾಲಯಗಳಲ್ಲಿ ನೇರವಾಗಿ ಅಳೆಯುವುದೇ ಇಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಅವರ ಸಂಗಡಿಗರು ಹಾಕಿಕೊಟ್ಟ ಸೂತ್ರದ ಪ್ರಕಾರ, ಒಟ್ಟು ಕೊಲೆಸ್ಟರಾಲಿನಲ್ಲಿ ಒಳ್ಳೆಯದನ್ನು ಕಳೆದು, ಟ್ರೈಗ್ಲಿಸರೈಡಿನ ಐದರಲ್ಲೊಂದು ಪಾಲನ್ನೂ ಕಳೆದು, ಉಳಿದದ್ದೆಲ್ಲ ಕೆಟ್ಟದ್ದೆಂದು ನಿರ್ಣಯಿಸುವರು. ಟ್ರೈಗ್ಲಿಸರೈಡು 400 ದಾಟಿತೋ, ಸೂತ್ರವೇ ಕೈಚೆಲ್ಲುವುದು. ಕಾಣದ ವಸ್ತುವನ್ನು ಕೂಡಿಸಿ ಕಳೆದು ಹಿಡಿಯುವುದೆಂತೆಂದು ಒಬ್ಬರು ಆಕ್ಷೇಪಿಸಿದಾಗ, ನಮ್ಮ ಕೂಟದ ಪಂಚಾಂಗಪ್ರಿಯರು, ರಾಹುವೂ ಛಾಯಾಗ್ರಹವೇ ಅಲ್ಲವೆ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದರು.

ಗ್ರಹಶಾಂತಿಯೂ ಉಂಟು. ಪರೀಕ್ಷೆಗೆ ಒಂದು ವಾರವಿರುವಾಗ ನಮ್ಮಲ್ಲಿ ಅನೇಕರಿಗೆ ಅಕಸ್ಮಾತ್ತಾಗಿ ವೈರಾಗ್ಯ ಉದಿಸುವುದು. ತುಪ್ಪದ ಮಿಳ್ಳೆ ಕಪಾಟಿನ ಮೇಲಂತಸ್ತನ್ನೇರುವುದು. ಬೋಂಡದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವರು. ಇದರಿಂದ ಕಿಂಚಿತ್ ಫಲವಿಲ್ಲದಿಲ್ಲ. ಟ್ರೈಗ್ಲಿಸರೈಡು ನಾಲ್ಕಾರು ದಿನಗಳ ಪಥ್ಯಕ್ಕೇ ಮಣಿಯುವಷ್ಟು ಚಂಚಲ ಸ್ವಭಾವದ್ದು. ಆದರೆ ವ್ರತಭಂಗವಾದರೆ ಅದು ಗುಟ್ಟಾಗಿಯೂ ಉಳಿಯದು. ಪರಿಚಯದ ಪ್ರಯೋಗಾಲಯದ ಹುಡುಗನೊಬ್ಬನು ಒಮ್ಮೆ ಎರಡು ಗಾಜಿನ ನಳಿಕೆಗಳನ್ನು ಬೆಳಕಿಗೆ ಹಿಡಿದು ತೋರಿಸಿದನು. ಯಂತ್ರದಲ್ಲಿ ಗಿರಗಿರನೆ ತಿರುಗಿ ಬಂದ ರಕ್ತವು ಎರಡರಲ್ಲಿಯೂ ಕೆಳಗೆ ಕಪ್ಪುಗೆಂಪಾಗಿ ತಂಗಿತ್ತು. ಮೇಲಿನ ದ್ರವ ಒಂದರಲ್ಲಿ ಹೊಂಬಣ್ಣದಿಂದ ತಿಳಿಯಾಗಿತ್ತು. ಇನ್ನೊಂದರಲ್ಲಿ, ಆಚೆ ಹಿಡಿದ ಬೆರಳೂ ಕಾಣದಷ್ಟು ಬೆಳ್ಳಗೆ ಕದಡಿಹೋಗಿತ್ತು. “ಇವರು ಏನೂ ತಿಂದಿಲ್ಲ ಅಂದ್ರು ಸಾರ್,” ಎಂದನು ಹುಡುಗ, ಮುಗುಳುನಗೆಯೊಂದಿಗೆ. ನಳಿಕೆಯ ಒಡೆಯರ ಹೆಸರನ್ನು ಅವನು ಹೇಳಲಿಲ್ಲ. ಆದರೆ ಹಿಂದಿನ ದಿನ ಯಾರ ಮನೆಯಲ್ಲಿ ಹೋಳಿಗೆಯಾಗಿತ್ತೆಂಬುದು ಬೀದಿಗೇ ತಿಳಿದಿತ್ತು.

ತುಪ್ಪವು ಮಾಗಿಯ ಚಳಿಯಲ್ಲಿ ಹರಳುಗಟ್ಟುವುದನ್ನೂ ಅಗಸೆಯ ಎಣ್ಣೆಯು ಅದೇ ಚಳಿಯಲ್ಲಿ ನೀರಾಗಿಯೇ ಇರುವುದನ್ನೂ ನೋಡಿದವರಿಗೆ ಮೇದಾಮ್ಲಗಳ ಅರ್ಧ ರಹಸ್ಯ ತಿಳಿದಂತೆಯೇ. ತುಪ್ಪದಲ್ಲಿ ಹೆಚ್ಚಾಗಿರುವ ಸಂತೃಪ್ತ ಮೇದಾಮ್ಲಗಳ ಸರಪಣಿ ನೆಟ್ಟಗಿರುವುದರಿಂದ ಒಂದಕ್ಕೊಂದು ಒತ್ತಿ ನಿಂತು ಗಟ್ಟಿಯಾಗುವುದು. ಅಗಸೆಯದರಲ್ಲಿ ಅಲ್ಲಲ್ಲಿ ಕೊಂಕುಗಳಿರುವುದರಿಂದ ಹಾಗೆ ಒತ್ತಿ ನಿಲ್ಲಲು ಆಗದು. ಕೊಂಕಿರುವುದೇ ರಕ್ತನಾಳಗಳಿಗೆ ಹಿತವೆಂಬುದು ಪ್ರಕೃತಿಯ ವಿನೋದ. ಇಂಥ ಆಮ್ಲಗಳಲ್ಲಿ ಹಲವನ್ನು ಬೇರ್ಪಡಿಸಿ ಹೆಸರಿಟ್ಟ ಫ್ರಾನ್ಸಿನ ಶೆವ್ರಲ್ ಮಹಾಶಯನು ವರ್ಷಗಟ್ಟಲೆ ಕೊಬ್ಬಿನೊಡನೆಯೇ ಕಳೆದು, 1889ರಲ್ಲಿ ತನ್ನ 102ನೆಯ ವಯಸ್ಸಿನಲ್ಲಿ ತೀರಿಕೊಂಡನು. ಇದನ್ನು ನಾನು ಮನೆಯಲ್ಲಿ ಉದಾಹರಿಸಿದಾಗ ಶ್ರೀಮತಿಯವರು, ಆತನು ಕೊಬ್ಬನ್ನು ಪರೀಕ್ಷಿಸಿದನೆ, ಭಕ್ಷಿಸಿದನೆ ಎಂದು ವಿಚಾರಿಸಿ ತುಪ್ಪದ ಚಮಚವನ್ನು ಹಿಂದಕ್ಕೆ ತೆಗೆದುಕೊಂಡರು.

1970ರ ಸುಮಾರಿನಲ್ಲಿ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಡೆನ್ಮಾರ್ಕಿನ ವೈದ್ಯರು ಗ್ರೀನ್‌ಲೆಂಡಿಗೆ ಹೋಗಿ, ಸೀಲು ತಿಮಿಂಗಿಲಗಳನ್ನು ತಿಂದು ಬದುಕುವ ಇನ್ಯೂಟ್ ಜನರ ರಕ್ತವನ್ನು ಸಂಗ್ರಹಿಸಿದರು. ಅಷ್ಟು ಕೊಬ್ಬು ತಿಂದೂ ಅವರ ಟ್ರೈಗ್ಲಿಸರೈಡು ಡೆನ್ಮಾರ್ಕಿನವರದಕ್ಕಿಂತ ಕಡಿಮೆಯಿತ್ತು. ಕಡಲಜೀವಿಗಳ ಒಮೆಗಾ-3 ಆಮ್ಲಗಳ ಕೀರ್ತಿ ಅಲ್ಲಿಂದ ಹರಡಿತು. ಈ ವಾರ್ತೆ ನಮ್ಮ ಬೆಂಚನ್ನು ಮುಟ್ಟಿದ ದಿನ ಮಂಗಳೂರಿನ ಕಡೆಯ ನಮ್ಮ ಮಿತ್ರರು ಬೂತಾಯಿ ಬಂಗುಡೆಗಳ ಪರವಾಗಿ ಒಂದು ವಿಜಯೋತ್ಸವವನ್ನೇ ಆಚರಿಸಿದರು. ಸಸ್ಯಾಹಾರಿಗಳ ಪಕ್ಷವನ್ನು ವಹಿಸಿದ ಧಾರವಾಡದವರು, ಅಗಸೆಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಮಿಗಿಲು ಒಮೆಗಾ-3ಯೇ ಎಂದು ವಾದಿಸಿ, ಮರುದಿನ ಒಂದು ಡಬ್ಬಿ ಅಗಸಿ ಚಟ್ನಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಿದರು. ಅಗಸೆಯ ಒಮೆಗಾ-3ರ ಅಲ್ಪಾಂಶ ಮಾತ್ರವೇ ನಮ್ಮ ದೇಹದಲ್ಲಿ ಮೀನಿನ ಬಗೆಯ ಆಮ್ಲವಾಗಿ ಮಾರ್ಪಡುವುದೆಂಬ ಸತ್ಯವನ್ನು, ಚಟ್ನಿ ಮುಗಿಯುವವರೆಗೆ ನಾನು ಹೇಳಲಿಲ್ಲ.

ಇವೆಲ್ಲಕ್ಕಿಂತ ನಮ್ಮನ್ನು ಕಳವಳಗೊಳಿಸಿದ್ದು ಕೆಂಪು ರಕ್ತಕಣಗಳ ಸಮಾಚಾರ. ಅವುಗಳ ಆಯುಸ್ಸು ಸುಮಾರು 120 ದಿನ. ಆ ಅವಧಿಯಲ್ಲಿ ನಾವು ತಿಂದ ಕೊಬ್ಬಿನ ಬಗೆಯೇನೆಂಬ ಕುರುಹು, ಮುಖ್ಯವಾಗಿ ಮೀನೆಣ್ಣೆಯದು, ಅವುಗಳ ಪೊರೆಯಲ್ಲಿ ಉಳಿದಿರುವುದಂತೆ. ಒಂದು ವಾರದ ವೈರಾಗ್ಯ ಅವುಗಳ ಮುಂದೆ ನಡೆಯದು. ಧಮನಿಗಳಂತೂ ಇನ್ನೂ ದೀರ್ಘದ್ವೇಷಿಗಳು. 1507ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಆಸ್ಪತ್ರೆಯಲ್ಲಿ, ತನಗೆ ನೂರು ದಾಟಿತೆನ್ನುತ್ತಿದ್ದ ವೃದ್ಧನೊಬ್ಬನು ಯಾವ ವ್ಯಾಧಿಯೂ ಇಲ್ಲದೆ ಕುಳಿತಲ್ಲೇ ಪ್ರಾಣಬಿಟ್ಟಾಗ, ಲಿಯೊನಾರ್ಡೊ ಡ ವಿಂಚಿಯು ಆ ದೇಹವನ್ನು ಛೇದಿಸಿ, ಹೃದಯವನ್ನು ಪೋಷಿಸುವ ನಾಳಗಳು ಬತ್ತಿ ಸೊರಗಿದ್ದುದನ್ನು ಬರೆದಿಟ್ಟನು. 1909ರಲ್ಲಿ ಶಾಟಕ್ ಎಂಬ ಆಂಗ್ಲ ವೈದ್ಯರು ಈಜಿಪ್ಟಿನ ರಾಜ ಮೆರ್ನೆಪ್ಟಾನ ಮಹಾಧಮನಿಯ ತುಂಡನ್ನು ಪರೀಕ್ಷಿಸಿದಾಗ, ಮೂರು ಸಾವಿರ ವರ್ಷ ಕಳೆದಿದ್ದರೂ ಅದರಲ್ಲಿ ಸುಣ್ಣ ಕಟ್ಟಿದ್ದುದು ಸ್ಪಷ್ಟವಾಗಿ ಕಂಡಿತು.

ಈಚೆಗೆ ನಾವೆಲ್ಲರೂ ಒಟ್ಟಾಗಿ ರಕ್ತಕೊಟ್ಟು, ಹತ್ತಿಯನ್ನು ತೋಳಿನಲ್ಲಿ ಒತ್ತಿಕೊಂಡೇ, ಉಪವಾಸದ ಪಾರಣೆಗೆಂದು ಬೀದಿಯ ಕೊನೆಯ ದರ್ಶಿನಿಗೆ ನಡೆದೆವು. ನಿವೃತ್ತ ವಕೀಲರ ಮುಂದೆ ಬಂದ ದೋಸೆಯ ಮೇಲೆ ಬೆಣ್ಣೆಯ ಮುದ್ದೆಯೊಂದು ಕರಗಿ ಅಂಚಿನತ್ತ ಹರಿಯುತ್ತಿತ್ತು. ನಾನು ರಕ್ತಕಣಗಳನ್ನು ನೆನಪಿಸಿದೆನು. ಮುಂದಿನ ಪರೀಕ್ಷೆಗೆ ಆರು ತಿಂಗಳಿದೆ, ಅಷ್ಟರಲ್ಲಿ ಈ ಬೆಣ್ಣೆಯನ್ನು ಕಂಡ ಸಾಕ್ಷಿಗಳೆಲ್ಲ ಕಾಲವಾಗಿರುತ್ತವೆ ಎಂದರು ಅವರು. ಹಾಗಾದರೆ ಮೂರು ಸಾವಿರ ವರ್ಷದ ತರುವಾಯವೂ ಸಾಕ್ಷಿ ನುಡಿದ ಮೆರ್ನೆಪ್ಟಾನ ಧಮನಿಯ ಗತಿಯೇನೆಂದು ಕೇಳಿದೆನು. ವಕೀಲರು ದೋಸೆಯ ಗರಿಗರಿಯಾದ ಅಂಚನ್ನು ಮುರಿದು ಬೆಣ್ಣೆಯಲ್ಲಿ ಅದ್ದಿ, “ಸ್ವಾಮಿ, ಆರೋಪಿ ಸತ್ತ ಮೇಲೆ ಮೊಕದ್ದಮೆ ನಿಲ್ಲುವುದಿಲ್ಲ,” ಎಂದು ಹೇಳಿ, ಮಾಣಿಯನ್ನು ಕರೆದು ಇನ್ನೊಂದಿಷ್ಟು ಬೆಣ್ಣೆ ತರಹೇಳಿದರು.