ಬೆಕ್ಕಿನ ಅಧ್ಯಾಯ

ಪಕ್ಕದ್ಮನೆ ಮೇಷ್ಟ್ರು ಬೆಳಿಗ್ಗೆ ಕಾಂಪೌಂಡ್ ಗೋಡೆ ಮೇಲೆ ಪುಸ್ತಕ ಇಟ್ಟು, "ತಗೊಳ್ಳಿ, ಎರಡನೇದು ಸಪ್ಪೆ. ದೀಪ ಆರಿಸಿ ಆರಾಮಾಗಿ ಮಲಗಿದೆ" ಅಂದರು. ಸ್ಟೀಫನ್ ಕಿಂಗನ 'ಡಾಕ್ಟರ್ ಸ್ಲೀಪ್'. 1977ರ 'ದಿ ಶೈನಿಂಗ್' ಆಗಿ 36 ವರ್ಷಕ್ಕೆ, 2013ರಲ್ಲಿ ಬಂದ ಮುಂದಿನ ಭಾಗ.

ಅರ್ಧ ಒಪ್ತೀನಿ ಮೇಷ್ಟ್ರೇ. ಮೊದಲನೇದರಲ್ಲಿ ನಮ್ಮ ಎದೆ ಹೊಡ್ಕೊಳ್ಳೋದು ಅಪ್ಪನನ್ನ ನೋಡಿ. ಹಿಮ ಬಿದ್ದು ದಾರಿ ಮುಚ್ಚಿದ ಕೊಲರಾಡೊ ಬೆಟ್ಟದ ಹೋಟೆಲು, ಒಳಗೆ ಗಂಡ, ಹೆಂಡತಿ, ಮಗು. ಕುಡಿದ ಅಮಲಿನಲ್ಲಿ ಒಮ್ಮೆ ಆ ಮಗುವಿನ ಕೈ ಮುರಿದವನು ಈಗ ಕುಡಿತ ಬಿಟ್ಟಿದ್ದಾನೆ, ಆದರೂ ದಿನೇ ದಿನೇ ಸಿಡುಕು ಜಾಸ್ತಿ. ನೆಲಮಾಳಿಗೆಯ ಹಳೇ ಬಾಯ್ಲರ್ ನೆನಪಿದೆಯಾ? ದಿನಾ ಇಳಿದುಹೋಗಿ ಒತ್ತಡ ಬಿಡಬೇಕು, ಮರೆತರೆ ಹೋಟೆಲೇ ಹಾರಿಹೋಗುತ್ತೆ. ಅದರ ಮುಳ್ಳು ಏರ್ತಾ ಇದ್ರೆ ನನಗೆ ಕಂಡಿದ್ದು ಅವನ ಕೋಪ. ಇನ್ನು ತೋಟದಲ್ಲಿ ಗಿಡ ಕತ್ತರಿಸಿ ಮಾಡಿದ ಆ ಸಿಂಹಗಳು! ಕಣ್ಣು ಆಚೆ ತಿರುಗಿಸಿದಾಗ ಮಾತ್ರ ಹತ್ತಿರ ಸರಿಯೋವು. (1980ರ ಸಿನಿಮಾದಲ್ಲಿ ಕುಬ್ರಿಕ್ ಅವನ್ನ ತೆಗೆದು ಪೊದೆಗಳ ಚಕ್ರವ್ಯೂಹ ಇಟ್ಟ, ನನಗಂತೂ ಸಮಾಧಾನವಾಗಲಿಲ್ಲ.)

ಎರಡನೇದರಲ್ಲಿ ಕೇಡು ಮನೆ ಹೊರಗಿಂದು. 'ಟ್ರೂ ನಾಟ್' ಅನ್ನೋ ಗುಂಪು ಊರೂರು ಸುತ್ತಿ, ವಿಶೇಷ ಶಕ್ತಿಯ ಮಕ್ಕಳನ್ನ ಹಿಂಸಿಸಿ ಕೊಂದು, ಅವರಿಂದ ಹೊರಡೋ ಆವಿ ಕುಡಿದು ಬದುಕುತ್ತೆ. ಅಂಥವರೇ ದಡಾರ ಬಂದು ಸಾಯೋಕೆ ಶುರುವಾದ ಮೇಲೆ ಭಯ ಎಲ್ಲಿಂದ ಹುಟ್ಟಬೇಕು? ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ಡ್ಯಾನ್‌ನ ಮರೀಬೇಡಿ. ಅಪ್ಪನಿಂದ ಕೈ ಮುರಿಸಿಕೊಂಡ ಹುಡುಗನೇ ಅವನು. ದೊಡ್ಡವನಾಗಿ ಅಪ್ಪನ ಹಾಗೇ ಕುಡಿದು ಬಿದ್ದು, ಹೇಗೋ ಎದ್ದವನು. ಸಾವಿನ ಅಂಚಿನಲ್ಲಿರೋ ಮುದುಕರನ್ನ ನೋಡ್ಕೊಳ್ಳೋ ಜಾಗದಲ್ಲಿ ಅವನಿಗೆ ಕೆಲಸ. ಅಲ್ಲೊಂದು ಬೆಕ್ಕು. ಅದು ಯಾರ ಮಂಚ ಹತ್ತಿ ಮಲಗುತ್ತೋ ಅವರ ಕೊನೆ ಹತ್ತಿರ. ಬೆಕ್ಕು ಹೋಯ್ತು ಅಂದಕೂಡಲೇ ಇವನಿಗೆ ಕರೆ ಬರುತ್ತೆ. ಪಕ್ಕದಲ್ಲಿ ಕೂತು, ಕೈ ಹಿಡ್ಕೊಂಡು, ಹೆದರಬೇಡಿ ಅಂತ ಮೆಲ್ಲಗೆ ಕಳಿಸಿಕೊಡ್ತಾನೆ. ನಮ್ಮಮ್ಮನ ಕೊನೇ ರಾತ್ರಿ ನಾನೂ ಹಾಗೇ ಕೂತಿದ್ದೆ. ಆ ಪುಟಗಳನ್ನ ಒಂದೇ ಸಲಕ್ಕೆ ಓದೋಕಾಗಲಿಲ್ಲ.

ಮೊದಲನೇದನ್ನ ಬರೀವಾಗ ಕಿಂಗ್ ಸ್ವತಃ ಕುಡೀತಿದ್ದ. ಎರಡನೇದರ ಹೊತ್ತಿಗೆ ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು.

ಹೆದರಿಕೆಗೆ ಮೊದಲನೇದೇ ಸೈ. ಆದರೂ ಆ ಬೆಕ್ಕಿನ ಅಧ್ಯಾಯ ಇನ್ನೊಂದ್ಸಲ ಓದಿ ಮೇಷ್ಟ್ರೇ, ಪುಸ್ತಕ ನಿಮ್ಮ ಹತ್ರಾನೇ ಇರಲಿ.